ತೆಂಕಬಂಡೆಯ ಹಸಿರು ಹೆಪ್ಪು

ತೆಂಕಬಂಡೆ, ದಕ್ಷಿಣ ಧ್ರುವದ ಕರಾವಳಿ
ಕ್ರಿಸ್ತಶಕ ೨೩೧೭, ಸೂರ್ಯ ಮುಳುಗಿ ಹದಿನಾಲ್ಕನೆಯ ದಿನ

ಹಿರಿಯರಿಗೆ ಬೆಳ್ಳಿ ಮರಕಾಲ್ತಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಯಾರೋ ತಮಾಷೆ ಮಾಡಿದ್ದಾರೆ ಅಂದುಕೊಳ್ಳಬೇಡಿ. ನನಗೀಗ ಐವತ್ತೆರಡು. ಓದುವ ನಿಮಗೆ ಇಪ್ಪತ್ತೇ ಇರಬಹುದು, ಆದರೂ ಮುನ್ನೂರು ವರ್ಷ ಮೊದಲೇ ಹುಟ್ಟಿದ ತಪ್ಪಿಗೆ ನೀವೇ ಹಿರಿಯರು. ನಮ್ಮ ಕೆಲವು ಮಾತು ನಿಮಗೆ ವಿಚಿತ್ರವಾಗಿ ಕೇಳೀತು, ಕ್ಷಮಿಸಿ. ಬೇಕಾದಲ್ಲಿ ಬಿಡಿಸಿ ಹೇಳುತ್ತೇನೆ. ಈ ಕಾಗದ ನಿಮಗೆ ಹೇಗೆ ತಲುಪುತ್ತದೆಂದು ಮಾತ್ರ ಕೇಳಬೇಡಿ, ಅದು ನನಗೂ ಗೊತ್ತಿಲ್ಲ.

ನಮ್ಮವರು ಮೂಲದಲ್ಲಿ ಗಂಗೊಳ್ಳಿ ಕಡೆಯ ಮೀನುಗಾರರು. ಅಲ್ಲಿಯ ಕಡಲು ಬಿಸಿಯಾಗಿ ಬರಿದಾದಾಗ ಮೀನಿನ ಬೆನ್ನು ಹತ್ತಿ ತೆಂಕಕ್ಕೆ ಬಂದರು. ಇಲ್ಲಿಯೂ ಮೀನು ಮುಗಿಯಿತು, ಹಿಂದಿರುಗಲು ಊರು ಉಳಿದಿರಲಿಲ್ಲ. ಈಗ ನಲವತ್ತೊಂದು ಮನೆಗಳಿದ್ದೇವೆ. ಕಡಲಿಗೆ ನಾವು ಹುಳಿನೀರು ಎನ್ನುತ್ತೇವೆ. ನಾಲಿಗೆಗೆ ಆ ಹುಳಿ ತಿಳಿಯುವುದಿಲ್ಲ, ಅದರೊಳಗೆ ಬದುಕುವ ಜೀವಕ್ಕೆ ಮಾತ್ರ ತಿಳಿಯುತ್ತದೆ. ನೀವು ಸುಟ್ಟ ಎಣ್ಣೆ, ಕಲ್ಲಿದ್ದಲಿನ ಹೊಗೆಯಲ್ಲಿ ಒಂದು ಪಾಲನ್ನು ಕಡಲು ಕುಡಿಯಿತು. ತಣ್ಣೀರು ಹೆಚ್ಚು ಕುಡಿಯುತ್ತದೆ, ಹಾಗಾಗಿ ಧ್ರುವದ ನೀರಿಗೇ ಮೊದಲು ಏಟು ಬಿತ್ತು. ಇಲ್ಲಿ ಮಂಜುಗಡ್ಡೆಯ ಅಂಚಿನಲ್ಲಿ ಗಾಜುಕಣಗಳಿದ್ದವು. ಕಣ್ಣಿಗೆ ಕಾಣದಷ್ಟು ಸಣ್ಣ ಹಸಿರು ಜೀವ, ಒಂದೊಂದಕ್ಕೂ ಗಾಜಿನಂಥ ಚಿಪ್ಪು. ನೀರು ಹುಳಿಯಾದಂತೆ ಚಿಪ್ಪು ತೆಳುವಾಯಿತು. ದೊಡ್ಡವು ಸತ್ತು ಪುಡಿಯಂಥವು ಉಳಿದವು, ಅದರಿಂದ ಸಿಗಡಿಗೆ ಹೊಟ್ಟೆ ತುಂಬಲಿಲ್ಲ. ಸಿಗಡಿ ಹೋದ ಮೇಲೆ ತಿಮಿಂಗಿಲದ ಮಾತೇಕೆ? ಕಡಲಿಗೆ ವಾಸನೆ ಕೊಡುತ್ತಿದ್ದ ಇನ್ನೊಂದು ಜಾತಿಯ ಕಣಗಳೂ ಸೊರಗಿದವು. ಆ ವಾಸನೆಯ ಹಬೆಯೇ ಮೇಲೇರಿ ಮೋಡ ಕಟ್ಟಲು ಸಹಾಯ ಮಾಡುತ್ತಿತ್ತಂತೆ, ಈಗ ಮೋಡವೂ ತೆಳು. ಕಡಲಿಗೆ ಒಂದು ವಾಸನೆ ಇತ್ತು ಎನ್ನುವುದನ್ನು ನಾನು ಅತ್ತೆಯ ಬಾಯಲ್ಲಿ ಕೇಳಿದ್ದೇನೆ, ಅಷ್ಟೆ.

ನಮ್ಮನ್ನು ಬದುಕಿಸಿರುವುದು ಹಸಿರು ಹೆಪ್ಪು. ಮಂಜಿನಡಿ ಉಳಿದಿದ್ದ ಹಳೆಯ ತಳಿಯ ಗಾಜುಕಣಗಳನ್ನು ಹಿಂದಿನವರು ಒಂದು ಗಾಜಿನ ಭರಣಿಗೆ ತುಂಬಿ ಉಳಿಸಿಕೊಂಡರು. ಒಂದು ಸಣ್ಣ ಕೊಲ್ಲಿಗೆ ಒಡ್ಡು ಕಟ್ಟಿ, ಸುಣ್ಣಕಲ್ಲು ಸುರಿದು ನೀರಿನ ಹುಳಿ ಮುರಿಯುತ್ತೇವೆ. ಸೂರ್ಯ ಮೂಡಿದ ದಿನ ಅದಕ್ಕೆ ಹೆಪ್ಪು ಹಾಕಿದರೆ ತಿಂಗಳೊಳಗೆ ಕೊಲ್ಲಿ ಹಸಿರಾಗುತ್ತದೆ, ಅದನ್ನು ತಿಂದು ಸಿಗಡಿ ಬೆಳೆಯುತ್ತದೆ, ಒಣಗಿಸಿದ ಸಿಗಡಿಯಲ್ಲಿ ನಾವು ವರ್ಷ ದೂಡುತ್ತೇವೆ. ಸೂರ್ಯ ಮುಳುಗುವ ದಿನ ಕೊಲ್ಲಿಯ ತಳದಿಂದ ಹೊಸ ಹೆಪ್ಪು ಎತ್ತಿ ಭರಣಿ ತುಂಬಿ ದೀಪದ ಮುಂದೆ ಇಡುತ್ತೇವೆ. ಸಿಗಡಿ ತಿಂದು ಮುಗಿಸಿದ ಮೇಲೆ ಒಂದು ಭರಣಿಗಾಗುವಷ್ಟೇ ಅಲ್ಲಿ ಉಳಿದಿರುತ್ತದೆ. ಇಲ್ಲಿ ಕತ್ತಲೆ ಎರಡು ತಿಂಗಳು. ಅಂದು ಹಚ್ಚಿದ ದೀಪ ಸೂರ್ಯ ಮೂಡುವ ತನಕ ಆರಬಾರದು. ಭರಣಿ ಕಾಯುವವಳು ಹಿಂದೆ ನಮ್ಮತ್ತೆ ಬಚ್ಚಿಯಮ್ಮ, ಈಗ ನಾನು.

ದೀಪ ಹಚ್ಚಿದ ಮೇಲೆ ನೆರೆಮನೆಗೆ ಹೆಪ್ಪು ಕೊಡಬಾರದು ಎನ್ನುವ ಪದ್ಧತಿ ನಿಮ್ಮಲ್ಲೂ ಇದೆಯಲ್ಲ? ಊರಿನಲ್ಲಿ ಅದು ಮೊಸರಿನ ಹೆಪ್ಪಂತೆ. ನಾನು ಹಸುವನ್ನೂ ಕಂಡಿಲ್ಲ, ಮೊಸರನ್ನೂ ಕಂಡಿಲ್ಲ. ನಿಮ್ಮಲ್ಲಿ ದೀಪ ಹಚ್ಚಿದರೆ ಬೆಳಗಿನ ತನಕ ಕಾದರೆ ಸಾಕು. ಇಲ್ಲಿ ಎರಡು ತಿಂಗಳು ಕಾಯಬೇಕು. ಈ ವ್ಯತ್ಯಾಸವನ್ನು ನಮ್ಮಲ್ಲಿ ಒಬ್ಬರೂ ಯೋಚಿಸಲಿಲ್ಲ.

ಹನ್ನೆರಡು ವರ್ಷದ ಹಿಂದಿನ ಮಾತು. ಮಂಜಿನ ಮೇಲೆ ಮೂರು ಗಂಟೆ ನಡೆದರೆ ಮೂಡುಬಂಡೆ, ನಮ್ಮವರದೇ ಇನ್ನೊಂದು ನೆಲೆ. ಅಲ್ಲಿಯೂ ಒಂದು ಭರಣಿ ಇತ್ತು. ಆ ವರ್ಷ ದೀಪ ಹಚ್ಚಿದ ಹತ್ತನೇ ದಿನಕ್ಕೆ ಅವರ ಹೆಪ್ಪು ಸತ್ತು ಬಿಳಿಚಿತು. ಭರಣಿ ಕಾಯುವ ತುಂಗಕ್ಕ ಕತ್ತಲಲ್ಲಿ ನಡೆದು ಬಂದು ಒಂದು ಲೋಟ ಹೆಪ್ಪು ಕೇಳಿದರು. ಅತ್ತೆ ಬಿಸಿ ಸಿಗಡಿ ಸಾರು ಕೊಟ್ಟರು, ಒಣಗಿದ ಕಾಲುಚೀಲ ಕೊಟ್ಟರು, ಹೆಪ್ಪು ಕೊಡಲಿಲ್ಲ. “ದೀಪ ಹಚ್ಚಿದ್ ಮೇಲೆ ಕೊಡುಕಾಗ ತುಂಗಕ್ಕ. ಹೊತ್ ಮೂಡ್ಲಿ, ನಾನೇ ಹೊತ್ಕಂಡ್ ಬತ್ತೆ” ಎಂದರು. ಅದು ಜಿಪುಣತನವಲ್ಲ, ನಲವತ್ತೊಂದು ಮನೆಯ ಲಕ್ಷ್ಮಿ ಹೊರಗೆ ಹೋಗುತ್ತಾಳೆಂಬ ಹೆದರಿಕೆ. ಸೂರ್ಯ ಮೂಡುವಷ್ಟರಲ್ಲಿ ನಮ್ಮ ಭರಣಿಯಲ್ಲೂ ಮುಕ್ಕಾಲು ಪಾಲು ಬಿಳಿಚಿತ್ತು. ಉಳಿದದ್ದು ನಮ್ಮ ಕೊಲ್ಲಿಗೇ ಅಷ್ಟಕ್ಕಷ್ಟೆ. ಮೂಡುಬಂಡೆಯ ಕೊಲ್ಲಿ ಆ ಬೇಸಿಗೆಯಿಡೀ ತಿಳಿಯಾಗಿಯೇ ಇತ್ತು. ಹಸಿವಿನಿಂದ ಹತ್ತೊಂಬತ್ತು ಜನ ತೀರಿಹೋದರು, ತುಂಗಕ್ಕನ ಇಬ್ಬರು ಹೆಣ್ಣುಮಕ್ಕಳೂ ಅವರಲ್ಲಿ ಸೇರಿದ್ದರು. ಉಳಿದವರೊಂದಿಗೆ ನಾವು ಸಿಗಡಿ ಹಂಚಿಕೊಂಡು ಎರಡೂ ಕಡೆ ಅರೆಹೊಟ್ಟೆ ಉಣ್ಣುತ್ತಿದ್ದೇವೆ. ಪ್ರತಿ ವರ್ಷವೂ ಅಷ್ಟೇ, ಹೊತ್ತು ಮೂಡುವಾಗ ಪಾಲು ಮಾಡುವಷ್ಟು ಹೆಪ್ಪು ಉಳಿಯುವುದಿಲ್ಲ. ತುಂಗಕ್ಕ ಅತ್ತೆಗೆ ಇಂದಿನವರೆಗೆ ಒಂದು ಕೆಟ್ಟ ಮಾತು ಆಡಿಲ್ಲ. ಆಡಿದ್ದರೆ ಅತ್ತೆಗೆ ನಿದ್ದೆ ಬರುತ್ತಿತ್ತೋ ಏನೋ.

ಈ ವರ್ಷ ಒಂಬತ್ತನೇ ದಿನ ಭರಣಿಯ ಅಂಚಿನಲ್ಲಿ ಬೆರಳಗಲದ ಬಿಳಿ ಕಂಡೆ. ಅಂದೇ ತುಂಗಕ್ಕ ಸಿಗಡಿ ಒಯ್ಯಲು ಬಂದಿದ್ದರು. ನೋಡಿದವರೇ, ಅರ್ಧ ನನಗೆ ಕೊಡು ಎಂದರು. ಮೂಡುಬಂಡೆಯಲ್ಲಿ ಸುಣ್ಣಕಲ್ಲಿನ ಹೊಸ ಹೊಂಡ ತೋಡಿದ್ದಾರೆ, ಆ ನೀರಿಗೆ ಹುಳಿ ಕಡಿಮೆ, ಒಂದು ಕಡೆ ಸತ್ತರೆ ಇನ್ನೊಂದು ಕಡೆಯಾದರೂ ಉಳಿದೀತು ಎಂಬುದು ಅವರ ಮಾತು. ಆದರೆ ಹೆಪ್ಪು ಕಡಿಮೆಯಾದರೆ ಕೊಲ್ಲಿ ಹಸಿರಾಗುವುದಿಲ್ಲ, ಪಾಲು ಮಾಡಿ ಎರಡನ್ನೂ ಕೊಂದರೆ ಎಂದು ನನ್ನ ಭಯ. ಸುದ್ದಿ ಕೇಳಿ ಸೇರಿದ ಜನವೆಲ್ಲ ಅತ್ತೆಯ ಮುಖ ನೋಡಿದರು. ಎಂಬತ್ತನಾಲ್ಕು ವರ್ಷ, ಕಣ್ಣು ಮಂಜು. ಭರಣಿಯ ಅಂಚನ್ನು ಬೆರಳಿನಿಂದ ಸವರಿ, “ದೀಪ ಶಾಂತ ಮಾಡ್, ಬೆಳ್ಳಿ. ಮತ್ತೆ ಕೊಡ್” ಎಂದರು. ದೀಪವೇ ಉರಿಯದಿದ್ದರೆ ಹೆಪ್ಪು ಕೊಟ್ಟರೂ ಪದ್ಧತಿ ಮುರಿದಂತಾಗದು.

ತೆಂಕಬಂಡೆಯಲ್ಲಿ ಹಿಂದೆಂದೂ ಹೀಗೆ ಆಗಿರಲಿಲ್ಲ. ನಾನೇ ಬತ್ತಿ ಎಳೆದೆ. ಕತ್ತಲಲ್ಲಿ ತಡಕಾಡಿ ಅರ್ಧ ಹೆಪ್ಪು ಸುರಿದುಕೊಟ್ಟೆ. ತುಂಗಕ್ಕ ಪಾತ್ರೆಯನ್ನು ಅಂಗಿಯೊಳಗೆ ಕಟ್ಟಿಕೊಂಡು ಹೊಸ್ತಿಲು ದಾಟಿದ ಮೇಲೆ ಮತ್ತೆ ಹಚ್ಚಿದೆ. ಆ ಬೆಳಕಿನಲ್ಲಿ ಅತ್ತೆ ನನ್ನ ಸೆರಗು ಹಿಡಿದು ಕೇಳಿದರು, “ಇದ್ ನಂಗ್ ಅವತ್ ಎಂತಕ್ ಹೊಳೀಲಿಲ್ಲೆ?” ನಾನು ಅವರ ಕಾಲು ಒತ್ತುತ್ತ ಕುಳಿತೆ.

ಅದಾಗಿ ಐದು ದಿನ. ಅಂದಿನಿಂದ ಹಿಮಗಾಳಿ ನಿಂತಿಲ್ಲ. ತುಂಗಕ್ಕ ಮನೆ ಮುಟ್ಟಿದರೋ ಇಲ್ಲವೋ ತಿಳಿಯುವ ದಾರಿ ಇಲ್ಲ.

ಹಿರಿಯರೇ, ನಿಮ್ಮನ್ನು ಬೈಯಬಾರದು ಅಂದುಕೊಂಡೇ ಕೂತೆ, ಆದರೂ ಸಿಟ್ಟು ಬರುತ್ತದೆ. ನಿಮ್ಮ ಕಾಲದ ಧ್ರುವದ ಕಡಲು ಇನ್ನೂ ಹಸಿರಾಗಿದೆಯಂತೆ. ಚಿಪ್ಪು ತೆಳುವಾಗುತ್ತಿದೆ ಎಂದು ಬಲ್ಲವರು ನಿಮಗೆ ಹೇಳಿಯೂ ಇದ್ದಾರಂತೆ. ಹೊಗೆ ನಿಲ್ಲಿಸಿ. ಒಳ್ಳೆಯ ಗಳಿಗೆ ಬರಲಿ ಎಂದು ಕಾಯಬೇಡಿ, ನಾವು ಕಾದು ನೋಡಿದ್ದೇವೆ.

ಇವತ್ತು ಊಟದ ಹೊತ್ತಿಗೆ ಮೊದಲು ಭರಣಿಯ ಮುಚ್ಚಳ ತೆಗೆದೆ. ನಮ್ಮ ಪಾಲು ತಳದವರೆಗೂ ಸುಣ್ಣದಂತೆ ಬಿಳಿ, ಕದಡಿದರೂ ಹಸಿರಿಲ್ಲ. ನೆರೆಯವರು ಬಂದು ಹೆಪ್ಪು ಹ್ಯಾಂಗಿತ್ತ್ ಎಂದು ಕೇಳಿದರು, ಇತ್ತ್ ಎಂದೆ, ನಮ್ಮ ಮಾತಿನಲ್ಲಿ ಅದಕ್ಕೆ ‘ಇದೆ’ ಎಂದು ಅರ್ಥ. ಅತ್ತೆಯೂ ಕೇಳಿದರು, ಅವರಿಗೂ ಹಾಗೇ ಹೇಳಿದೆ. ಸತ್ಯವನ್ನು ಮೊದಲು ನಿಮಗೆ ಹೇಳುತ್ತಿದ್ದೇನೆ. ಇನ್ನು ನಲವತ್ತಾರು ದಿನ ಈ ಬಿಳಿ ನೀರಿನ ಮುಂದೆ ಕೂತು, ಅದು ಬದುಕಿದೆ ಎನ್ನುವ ಹಾಗೆ ನಾನು ದೀಪಕ್ಕೆ ಎಣ್ಣೆ ಹೊಯ್ಯುತ್ತಿರಬೇಕು.

ನಿಮ್ಮ ಮೊಮ್ಮಕ್ಕಳ ಮೊಮ್ಮಗಳು,
ಬೆಳ್ಳಿ