ಉಳಿದೆರಡು ಕೋಣೆಗಳು

ಹೊಸ ಮನೆ, ಅಡುಗೆಮನೆಯ ಮೇಜು
ಮಾರ್ಚ್ ೧೨, ಗುರುವಾರ ಮಧ್ಯಾಹ್ನ

ಪ್ರೀತಿಯ ಮಗನೇ,

ಹೇಗಿದ್ದೀಯ? ಎಂಜಿನ್ ಕೋಣೆಯ ಕಾವಿಗೆ ಕೈಮೇಲೆ ಎದ್ದಿದ್ದ ಗುಳ್ಳೆಗಳು ವಾಸಿಯಾದವೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ, ಇಲ್ಲಾ ಹಡಗಿನ ಆ ಬಾಯ್ಲರಿಗೇ ಉಪಚಾರ ಮಾಡುತ್ತ ನಿನ್ನ ಹೊಟ್ಟೆಯನ್ನು ಮರೆಯುತ್ತೀಯಾ? ಇಲ್ಲಿ ನಾವು ಮೂವರೂ ಗಟ್ಟಿಯಾಗಿದ್ದೇವೆ. ನನ್ನ ಮಂಡಿನೋವು ಮಾತ್ರ ಹಳೆಯ ಊರಲ್ಲೇ ಉಳಿಯಲು ಒಪ್ಪದೆ ನಮ್ಮ ಜೊತೆಗೇ ಲಾರಿ ಹತ್ತಿ ಬಂದಿದೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ‘ಹೂಂ ಅಮ್ಮಾ, ಹೂಂ ಅಮ್ಮಾ’ ಎನ್ನುತ್ತ ಕೈಯಲ್ಲಿ ಇನ್ನೇನೋ ಮಾಡುತ್ತಿರುತ್ತೀಯ, ನನಗೆ ಗೊತ್ತಾಗುತ್ತದೆ. ಕಾಗದವಾದರೆ ಓದಲೇಬೇಕು. ಇಪ್ಪತ್ತೆಂಟಕ್ಕೆ ಮುಂದಿನ ಬಂದರು, ಅಲ್ಲಿಗೆ ಕಂಪನಿಯವನು ಇನ್ನೆರಡು ವರ್ಷದ ಕರಾರು ಹಿಡಿದು ಬರುತ್ತಾನೆ, ಸಹಿ ಹಾಕಬೇಕು ಎಂದು ಬರೆದಿದ್ದೆಯಲ್ಲ, ಆ ವಿಷಯದಲ್ಲಿ ನಾನು ಚಕಾರ ಎತ್ತಬಾರದೆಂದು ನಿನ್ನ ಹೆಂಡತಿ ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ. ಕಾಗದವನ್ನು ತಾನು ಓದಿಯೇ ಅಂಚೆಗೆ ಹಾಕುವುದಂತೆ. ಆದ್ದರಿಂದ ಎತ್ತುವುದಿಲ್ಲ. ಮನೆಯ ಸುದ್ದಿ ಮಾತ್ರ ಬರೆಯುತ್ತೇನೆ.

ಆ ಮನೆ ಬಿಡುವಾಗ ಅತ್ತೆ ಅಳುತ್ತಾರೆಂದು ಇವಳು ಕರ್ಚೀಫು ಹಿಡಿದುಕೊಂಡೇ ನಿಂತಿದ್ದಳು. ನನಗೆ ಬಂದದ್ದು ನಗು. ನಲವತ್ತು ವರ್ಷ ‘ಸಮುದ್ರ ಕಾಣುವ ಮನೆ’ ಎಂದು ಒಂದೇ ಒಂದು ಕೋಣೆಗೆ ಬಾಡಿಗೆ ಕೊಟ್ಟೆವಲ್ಲ, ಬಚ್ಚಲಲ್ಲಿ ಸ್ಟೂಲು ಹಾಕಿ ತುದಿಗಾಲಲ್ಲಿ ನಿಂತರೆ ಎರಡು ಕಟ್ಟಡಗಳ ನಡುವೆ ಅಂಗೈ ಅಗಲದ ಸಮುದ್ರ! ಎರಡು ವರ್ಷದಲ್ಲಿ ಮಾಲೀಕರು ಮೂರನೇ ಸಲ ಬಾಡಿಗೆ ಏರಿಸಿದ್ದು ಆ ಅಂಗೈ ಅಗಲದ್ದಕ್ಕೇ ಇರಬೇಕು. ಕೊನೆಯ ದಿನ ಕಣ್ತುಂಬ ನೋಡಿಬಿಡೋಣವೆಂದು ಸ್ಟೂಲು ಹತ್ತಿದೆ. ಯಾರೋ ಪುಣ್ಯಾತ್ಮರು ಅಡ್ಡಲಾಗಿ ಚಾದರ ಒಣಹಾಕಿದ್ದರು. ಲಾರಿಯವನು ನಮ್ಮ ಸಾಮಾನು ಏರಿಸಿ, “ಇಷ್ಟೇನಾ? ಇದಕ್ಕೆ ಲಾರಿ ಯಾಕೆ ಕರೆಸಿದ್ರಿ?” ಎಂದು ಮೂಗು ಮುರಿದ. ಬಾಡಿಗೆ ಹಣ ಮಾತ್ರ ಪೂರ್ತಿ ಎಣಿಸಿಕೊಂಡ.

ಇಲ್ಲಿಯ ಹವೆ ಒಣ. ನಮಗದು ತಿಳಿದದ್ದು ಉಪ್ಪಿನಿಂದ. ಅಲ್ಲಿ ಡಬ್ಬಿಯನ್ನು ತಲೆಕೆಳಗು ಮಾಡಿ ಬೆನ್ನಿಗೆ ನಾಲ್ಕು ಬಾರಿಸಿದರೆ ತಾನೇ ಒಂದು ಹೆಂಟೆ ಉದುರುತ್ತಿದ್ದದ್ದು? ಮೊದಲ ದಿನ ಬೇಯಿಸಿದ ಮೊಟ್ಟೆಯ ಮೇಲೆ ಅದೇ ಅಭ್ಯಾಸದಲ್ಲಿ ಬಾರಿಸಿದೆ. ಮೊಟ್ಟೆಯೇ ಮುಚ್ಚಿಹೋಯಿತು. ನಿನ್ನ ಮಗಳು ಪೀಪಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಬಾಗಿಲಿನದ್ದೂ ಇದೇ ಕಥೆ. ಅಲ್ಲಿ ತೇವಕ್ಕೆ ಉಬ್ಬಿದ ಬಾಗಿಲಿಗೆ ಭುಜ ಕೊಡದೆ ಹೊರಗೆ ಹೋಗುವ ಹಾಗೇ ಇರಲಿಲ್ಲವಲ್ಲ, ಇಲ್ಲಿಯೂ ಮಾರನೆಯ ಬೆಳಿಗ್ಗೆ ಹಾಲಿಗೆಂದು ಹೊರಟವಳು ಅಷ್ಟೇ ಜೋರಾಗಿ ಭುಜ ಕೊಟ್ಟೆ. ಬಾಗಿಲು ದಢಾರನೆ ತೆರೆಯಿತು. ನಾನು ಮೆಟ್ಟಿಲು ಮೂರನ್ನೂ ಒಟ್ಟಿಗೇ ಇಳಿದು, ಬೀದಿಯಲ್ಲಿ ಹೋಗುತ್ತಿದ್ದವರೊಬ್ಬರಿಗೆ ಡಿಕ್ಕಿ ಹೊಡೆದು ನಿಂತೆ. ಹಿಟ್ಟು ಮೆತ್ತಿದ ಅಂಗಿ, ಕಂಕುಳಲ್ಲಿ ಎರಡು ಬಿಸಿ ಬ್ರೆಡ್ಡು. ಪಕ್ಕದ ಮನೆಯವರು, ಹಿಂದಿನ ಬೀದಿಯ ಬ್ರೆಡ್ ಕಾರ್ಖಾನೆಯಲ್ಲಿ ಮೇಸ್ತ್ರಿ. “ನಿಧಾನ ಅಮ್ಮಾ, ಊರು ಎಲ್ಲಿಗೂ ಓಡಿಹೋಗಲ್ಲ” ಎಂದು ಒಂದು ಬ್ರೆಡ್ಡನ್ನು ನನ್ನ ಕೈಗೇ ಕೊಟ್ಟು ಹೋದರು. ಹಾಗೆ ಪರಿಚಯವಾಯಿತು.

ಇನ್ನು ದೊಡ್ಡ ನಗೆಪಾಟಲು ಕೇಳು. ಈ ಮನೆಗೆ ಮೂರು ಕೋಣೆ, ಜೊತೆಗೆ ಅಡುಗೆಮನೆ. ಲಾರಿಯವರು ಸಾಮಾನನ್ನೆಲ್ಲ ಮುಂದಿನ ಕೋಣೆಯಲ್ಲಿ ಇಳಿಸಿ ಹೋದರು. ನಾವು ಅಲ್ಲೇ ಎಲ್ಲವನ್ನೂ ಜೋಡಿಸಿಕೊಂಡು ಸಂಸಾರ ಶುರು ಮಾಡಿಬಿಟ್ಟೆವು. ನಮ್ಮ ಆ ಮಡಚುವ ಮಂಚ ಯಥಾಪ್ರಕಾರ ಹಗಲು ಗೋಡೆಗೆ, ಕತ್ತಲಾದರೆ ನೆಲಕ್ಕೆ. ಇವಳು ಗಿರಾಕಿಗಳ ಪರದೆ ಬಟ್ಟೆ ಹರಡಿ ಕತ್ತರಿಸುವಾಗ ನಾನೂ ಪೀಪಿಯೂ ಅಲ್ಲಿಯ ಹಾಗೇ ಹೊರಗೆ ಮೆಟ್ಟಿಲ ಮೇಲೆ ಕೂರುವುದು. ಒಬ್ಬರು ಹಾದುಹೋಗುವಾಗ ಇನ್ನೊಬ್ಬರು ಗೋಡೆಗೆ ಅಂಟಿಕೊಂಡು ನಿಲ್ಲುವುದು. ಮಾತೆಲ್ಲ ಪಿಸುಪಿಸು. ಹೀಗೆ ಒಂಬತ್ತು ದಿನ! ಒಂಬತ್ತನೆಯ ದಿನ ಮೇಸ್ತ್ರಿ ಮೆಟ್ಟಿಲ ಬಳಿ ನಿಂತು, ಬಹಳ ಸಂಕೋಚದಿಂದ, “ಅಮ್ಮಾ, ಉಳಿದೆರಡು ಕೋಣೆ ಬಾಡಿಗೆಗೆ ಕೊಡ್ತೀರಾ? ನಮ್ಮ ಕೆಲಸದವರೊಬ್ಬರು ಹುಡುಕ್ತಿದ್ದಾರೆ” ಎಂದರು. ನಾನು “ಯಾವ ಎರಡು ಕೋಣೆ?” ಎಂದೆ. ನಿಜವಾಗಿಯೂ ಕೇಳಿದೆ ಮಗಾ, ತಮಾಷೆಗಲ್ಲ. ಅವರು ಹೋದ ಮೇಲೆ ಅತ್ತೆ ಸೊಸೆ ಇಬ್ಬರೂ ಮುಖ ಮುಖ ನೋಡಿಕೊಂಡೆವು. ಆಮೇಲೆ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಪೀಪಿ ನಮ್ಮಿಬ್ಬರಿಗೂ ತಲೆ ಕೆಟ್ಟಿತೆಂದು ಹೆದರಿ ಅತ್ತೇಬಿಟ್ಟಳು.

ಈಗ ಸರಿಹೋಗಿದ್ದೇವೆ. ಮುಂದಿನ ಕೋಣೆ ಹೊಲಿಗೆಗೆ. ಎಂಥ ಉದ್ದದ ಪರದೆಯಾದರೂ ನೆಲದ ಮೇಲೆ ಪೂರ್ತಿ ಹರಡಬಹುದು; ಒಂದು ತುದಿಯನ್ನು ಕಿಟಕಿಯಾಚೆ ಇಳಿಬಿಟ್ಟು ಅಳತೆ ಹಿಡಿಯುವ ಕಾಲ ಮುಗಿಯಿತು. ಇವಳು ಬಾಯ್ತುಂಬ ಗುಂಡುಪಿನ್ನು ಕಚ್ಚಿಕೊಂಡು ಬಟ್ಟೆಯ ಸುತ್ತ ಮಂಡಿಯೂರಿ ಓಡಾಡುತ್ತ ಗುನುಗುತ್ತಾಳೆ. ನಿನ್ನ ಹೆಂಡತಿ ಹಾಡುತ್ತಾಳೆಂಬುದು ಏಳು ವರ್ಷದಲ್ಲಿ ನನಗೆ ಗೊತ್ತೇ ಇರಲಿಲ್ಲ. ರಾಗ ಮಾತ್ರ ದೇವರಿಗೇ ಪ್ರೀತಿ. (ಓದುತ್ತಿದ್ದೀಯಲ್ಲ ಮಹರಾಯ್ತಿ, ಓದು.) ಹಿಂದಿನ ಕೋಣೆಯಲ್ಲಿ ಸದ್ಯಕ್ಕೆ ಮೂವರೂ ಮಲಗುತ್ತೇವೆ. ಪೀಪಿ ಬೆಳಿಗ್ಗೆ ಎದ್ದವಳೇ ಮನೆಯ ನಡುವೆ ನಿಂತು ಒಂದು ಸಲ ಕಿರುಚುತ್ತಾಳೆ. ಅಲ್ಲಿ ಮಗು ಬಾಯಿ ತೆರೆದರೆ ಪಕ್ಕದವರು ಸೌಟಿನಿಂದ ಗೋಡೆ ಬಡಿಯುತ್ತಿದ್ದರು. ಇಲ್ಲಿ ಯಾರೂ ಬಡಿಯುವುದಿಲ್ಲ. ಬಡಿಯುತ್ತಾರೇನೋ ಎಂದು ಸ್ವಲ್ಪ ಹೊತ್ತು ಕಿವಿಗೊಟ್ಟು ಕಾದು, ಆಮೇಲೆ ಹಲ್ಲುಜ್ಜಲು ಹೋಗುತ್ತಾಳೆ.

ಸಮುದ್ರದ ನೆನಪಾಗುವುದಿಲ್ಲವೇ ಎಂದು ನೀನು ಕೇಳುತ್ತೀಯ. ಆಗುತ್ತದೆ. ಮೂವತ್ತು ವರ್ಷ ಹೋಟೆಲಿನ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕಿದವಳು ನಾನು. ಕೆಲಸ ಬಿಟ್ಟ ಮೇಲೆ ಗೆಳತಿಯರೆಲ್ಲ ಒಟ್ಟಿಗೆ ನಡೆಯುತ್ತಿದ್ದ ಆ ದಂಡೆ, ಆ ಗಾಳಿ ಇಲ್ಲಿಲ್ಲ. ಆ ಹೆಂಗಸರಿಗಾಗಿ ಜೀವ ಎಳೆಯುತ್ತದೆ. ಹಾಗೆಂದು ಹಿಂದಕ್ಕೆ ಹೋಗು ಎಂದರೆ ಹೋಗುವುದಿಲ್ಲ.

ಮೂರನೆಯ ಕೋಣೆಯ ವಿಷಯ ಬರೆದರೆ ಮಾತು ತಪ್ಪಿದಂತೆ ಎಂಬುದು ಇವಳ ವಾದ. ಕಿಟಕಿ ದೊಡ್ಡದಾಗಿದೆ ಎಂದಷ್ಟೇ ಬರೆಯಲು ಅಪ್ಪಣೆಯಾಗಿದೆ. ಕಿಟಕಿ ದೊಡ್ಡದಾಗಿದೆ.

ನಿನ್ನ ಜೊತೆ ಕೆಲಸ ಮಾಡುವವರಿಗೆಲ್ಲ ನಾನು ಕೇಳಿದೆನೆಂದು ಹೇಳು. ನೀರು ಶಾಂತವಾಗಿರಲಿ, ಎಂಜಿನ್ ಹಟ ಮಾಡದಿರಲಿ, ನಿನ್ನ ಮೈ ಮನಸ್ಸು ನೆಟ್ಟಗಿರಲಿ. ತಲೆ ನೇವರಿಸಿ ಹರಸುವ,

ನಿನ್ನ ಅಮ್ಮ

ತಾ.ಕ.: ಇವಳು ಓದಿ ಮುಗಿಸಿ, ‘ಸರಿ ಇದೆ ಅತ್ತೆ’ ಎಂದು ಲಕೋಟೆ ತರಲು ಅಂಗಡಿಗೆ ಹೋಗಿದ್ದಾಳೆ. ಬರುವಷ್ಟರಲ್ಲಿ ಬರೆದು ಮುಗಿಸಬೇಕು, ಅಕ್ಷರ ಕಾಗೆ ಕಾಲು ಗುಬ್ಬಿ ಕಾಲಾದರೆ ಹೇಗೋ ಓದಿಕೋ. ಕಳೆದ ಸಲ ರಜೆ ಇನ್ನೂ ಹನ್ನೊಂದು ದಿನ ಇರುವಾಗಲೇ ನೀನು ಹಡಗಿಗೆ ಹೊರಟುಬಿಟ್ಟೆ. ಹೊರಡುವ ದಿನ ಮಧ್ಯಾಹ್ನ, ನಾನು ನಿದ್ದೆ ಹೋಗಿದ್ದೇನೆಂದುಕೊಂಡು, ಕೋಣೆಯ ನಡುವೆ ಕಟ್ಟಿದ್ದ ಆ ಗೆರೆಗೆರೆ ಪರದೆಯಾಚೆ ಅವಳಿಗೆ ಹೇಳಿದೆ: “ಹಡಗಲ್ಲಾದ್ರೆ ನನಗೆ ಅಂತ ಒಂದು ಹಾಸಿಗೆ ಇದೆ. ಇಲ್ಲಿ ನಾನಿದ್ರೆ ಎಲ್ಲರಿಗೂ ಇಕ್ಕಟ್ಟು.” ಎಲ್ಲ ಕೇಳಿಸಿಕೊಂಡೆ. ಹೆತ್ತ ಮಗನಿಗೆ ಕಾಲು ಚಾಚಲು ಜಾಗ ಕೊಡಲಾಗಲಿಲ್ಲವಲ್ಲ ಎಂದು ಆಮೇಲೆ ಬಹಳ ಅತ್ತಿದ್ದೇನೆ. ಅವಳು, ಬಲವಂತಕ್ಕೆ ಬರುವ ಗಂಡ ನನಗೆ ಬೇಡ, ಸಹಿ ಅವರಿಷ್ಟ ಎನ್ನುತ್ತಾಳೆ. ಆದರೆ ಮೇಸ್ತ್ರಿ ಬಾಡಿಗೆಗೆ ಕೇಳಿದಾಗ ನಾನು ತಡವರಿಸುವಷ್ಟರಲ್ಲೇ ಕತ್ತರಿ ಹಿಡಿದು ಓಡಿಬಂದು, “ಇಲ್ಲ, ಅದಕ್ಕೆ ಜನ ಇದ್ದಾರೆ” ಎಂದವಳು ಅವಳೇ. ಆ ಗೆರೆಗೆರೆ ಪರದೆಯನ್ನೇ ಬಿಚ್ಚಿ ಮೂರನೆಯ ಕೋಣೆಯ ಕಿಟಕಿಗೆ ಹೊಲಿದು ಹಾಕಿದ್ದಾಳೆ. ದಿನಾ ಸಂಜೆ ಒಳಗೆ ಹೋಗಿ, ದೀಪ ಹಾಕಿ, ಸ್ವಲ್ಪ ಹೊತ್ತು ನಿಂತು, ಆರಿಸಿ ಬರುತ್ತಾಳೆ. ಮೇಸ್ತ್ರಿಯ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುವವರು ಮುಂದಿನ ತಿಂಗಳು ನಿವೃತ್ತರಾಗುತ್ತಾರೆ. ಸಂಬಳ ಹಡಗಿನಷ್ಟಿಲ್ಲ, ಈ ಊರಿನ ಬಾಡಿಗೆಗೆ ಧಾರಾಳ ಸಾಕು. ನನ್ನ ಮಗ ಬರ್ತಾನೆ ಎಂದು ಮಾತು ಕೊಟ್ಟುಬಿಟ್ಟಿದ್ದೇನೆ. ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೋ, ಆದರೆ ಇಲ್ಲಿಗೆ ಬಂದು ಹಾಕಿಕೋ. ನಿನ್ನೆ ಆ ಕೋಣೆಗೆ ಒಂದು ಮಂಚ ತರಿಸಿದೆ. ಯಾರಿಗೆ ಎಂದು ಅವಳು ಕೇಳಲಿಲ್ಲ. ನಾಲ್ಕು ಜನ ಹೊತ್ತು ತಂದ ಮರದ ಮಂಚ, ಮಡಚುವಂಥದ್ದಲ್ಲ. ಅಗೋ, ಬಾಗಿಲು ದಢಾರೆಂದಿತು, ಇವಳಿಗೆ ಇನ್ನೂ ಜಗ್ಗುವ ಅಭ್ಯಾಸ ಹೋಗಿಲ್ಲ. ಸಹಿ ಹಾಕಬೇಡ ಮಗಾ, ಬಾ.