ಐವತ್ತು ತುಂಬದವರ ಸಾಲು

ಮನೆಯಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಎದೆಯುರಿ ಕಡಿಮೆಯಾಯಿತೇ, ಇಲ್ಲ ಮೀಟಿಂಗಿಗೊಂದು ಕಾಫಿಯಂತೆ ಖಾಲಿ ಹೊಟ್ಟೆಗೆ ಸುರಿದುಕೊಳ್ಳುತ್ತಲೇ ಇದ್ದೀಯಾ? ರಾಜಧಾನಿಯ ಚಳಿ ನಿನಗೆ ಒಗ್ಗುವುದಿಲ್ಲ ಎಂದು ಅಪ್ಪ ದಿನಕ್ಕೊಮ್ಮೆ ಹೇಳುತ್ತಾರೆ. ಅವರು ಗಟ್ಟಿಯಾಗಿದ್ದಾರೆ. ಕಿವಿ ಮಾತ್ರ ಇನ್ನಷ್ಟು ಮಂದ. ಬೇಡದ ಮಾತಿಗೆ ಪೂರ್ತಿ ಕಿವುಡು, ಬೇಕಾದ್ದನ್ನು ಪಕ್ಕದ ಮನೆಯಲ್ಲಿ ಪಿಸುಗುಟ್ಟಿದರೂ ಕೇಳಿಸಿಕೊಳ್ಳುತ್ತಾರೆ. ನಿನ್ನ ಮಗಳು ಪರೀಕ್ಷೆಗೆ ಓದುತ್ತಿದ್ದಾಳೆ, ಅಂದರೆ ಪುಸ್ತಕ ಮುಂದಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದಾಳೆ. ನಮ್ಮ ಸಂಸ್ಥೆಯ ಅಧ್ಯಕ್ಷರು ಇವತ್ತು ಸಂಜೆ ಹೊರಟು ನಾಳೆ ನಿಮ್ಮ ಸಚಿವಾಲಯಕ್ಕೇ ಬರುತ್ತಿದ್ದಾರೆ. ಅವರ ಕೈಯಲ್ಲೇ ಇದನ್ನು ಕಳಿಸುತ್ತೇನೆ. ಎಲ್ಲ ಸಂಘ ಸಂಸ್ಥೆಗಳ ಪರವಾಗಿ ಅವರು ತರುತ್ತಿರುವುದು ನಿಮ್ಮ ಹೊಸ ನೀತಿಗೆ ಒಂದೇ ಪುಟದ ಪ್ರತಿಕ್ರಿಯೆ. ಆ ಪುಟ ಹೇಗೆ ಹುಟ್ಟಿತು ಎಂಬುದು ನಿನಗೆ ಗೊತ್ತಿರಲಿ ಅಂತ ನಾನು ಬರೆಯುತ್ತಿದ್ದೇನೆ.

ಹೊಸ ನೀತಿಯ ಸುತ್ತೋಲೆ ಬಂದ ದಿನ ನಮ್ಮ ಆಫೀಸು ಸಾವಿನ ಮನೆಯಂತಿತ್ತು. ನಲವತ್ತು ದಾಟಿದ ಹೆಂಗಸರಿಗೆಲ್ಲ ಇದ್ದ ಉಚಿತ ಸ್ತನ ಕ್ಯಾನ್ಸರ್ ತಪಾಸಣೆ ಮುಂದಿನ ತಿಂಗಳಿಂದ ಐವತ್ತು ತುಂಬಿದವರಿಗೆ ಮಾತ್ರ ಎಂದು ನಮ್ಮ ಟೈಪಿಸ್ಟ್ ಗಟ್ಟಿಯಾಗಿ ಓದಿದಳು. ಆ ನೀತಿಗೆ ಅಂಕಿಅಂಶ ಕೂಡಿಸಿ ಕೊಟ್ಟವನು ನನ್ನ ಅಣ್ಣ ಎಂಬುದು ಅಲ್ಲಿ ಯಾರಿಗೆ ಗೊತ್ತಿಲ್ಲ? ಒಬ್ಬರೂ ನನ್ನ ಮುಖ ನೋಡಲಿಲ್ಲ. ತಪಾಸಣೆಯ ವ್ಯಾನಿನಲ್ಲೇ ಅರ್ಧ ಆಯಸ್ಸು ಕಳೆದ ನಮ್ಮ ಹಿರಿಯ ನರ್ಸ್ ಮಾತ್ರ ಹತ್ತಿರ ಬಂದು, “ನಿಮ್ಮಣ್ಣನಿಗೆ ನಮ್ಮದೊಂದು ನಮಸ್ಕಾರ ಹೇಳಿಬಿಡಿ” ಎಂದರು. ಅದು ಎಂಥ ನಮಸ್ಕಾರ ಎಂದು ನಿನಗೆ ಬಿಡಿಸಿ ಹೇಳಬೇಕಿಲ್ಲ.

ಮರುವಾರ ಎಲ್ಲ ಸಂಘಗಳ ಸಭೆ ನಮ್ಮ ಹಾಲಿನಲ್ಲೇ ನಡೆಯಿತು. ವೈದ್ಯರ ಸಂಘ, ನರ್ಸುಗಳ ಒಕ್ಕೂಟ, ಕ್ಯಾನ್ಸರ್ ಗೆದ್ದು ಬಂದವರ ಬಳಗ, ನಾವು. ಫ್ಯಾನು ಕಿರ್ ಎನ್ನುತ್ತಿತ್ತು, ಕುರ್ಚಿ ಸಾಲದೆ ಕೆಲವರು ಕಿಟಕಿಯ ಕಟ್ಟೆಯ ಮೇಲೆ ಕೂತಿದ್ದರು. ವೈದ್ಯರ ಸಂಘದಿಂದ ಬಂದಿದ್ದ ಸರ್ಜನ್ ನೀತಿಯನ್ನು ಪೂರ್ತಿ ಒಪ್ಪಿದರು. ಗೆದ್ದು ಬಂದವರ ಬಳಗದ ಮುಖ್ಯಸ್ಥೆ ನಿವೃತ್ತ ಶಿಕ್ಷಕಿ, ಎಲ್ಲರೂ ಅವರನ್ನು ಟೀಚರ್ ಎಂದೇ ಕರೆಯುವುದು. ಅವರು ಎದ್ದು, “ನಲವತ್ಮೂರಕ್ಕೇ ಸಿಕ್ಕಿಬಿದ್ದವಳು ನಾನು. ನಿಮ್ಮ ಈ ನೀತಿ ಆಗಲೇ ಇದ್ದಿದ್ರೆ ಇವತ್ತು ನಿಮ್ಮ ತಲೆ ತಿನ್ನೋಕೆ ನಾನು ಇರ್ತಾನೇ ಇರಲಿಲ್ಲ” ಎಂದರು. ಸರ್ಜನ್ ದನಿ ಏರಿಸಲಿಲ್ಲ. “ನಿಮ್ಮಂಥವರು ಒಬ್ಬರು ಸಿಗೋಕೆ ಏನೂ ಇಲ್ಲದ ಎಷ್ಟು ಜನಕ್ಕೆ ಸುಮ್ಮನೆ ಸೂಜಿ ಚುಚ್ಚಿದ್ದೀವಿ ಟೀಚರ್? ಅತ್ತ ಅರವತ್ತರ ಮುದುಕಿ ಗಂಟು ಇಟ್ಟುಕೊಂಡು ತಿಂಗಳುಗಟ್ಟಲೆ ಕಾಯ್ತಾಳೆ. ಇರೋದು ಕೈಬೆರಳಲ್ಲಿ ಎಣಿಸೋವಷ್ಟು ಮಷಿನ್ನು” ಎಂದರು. ಅವರು ಕಲ್ಲೆದೆಯ ಮನುಷ್ಯ ಅಲ್ಲ ಅಣ್ಣ. ನಾನೂ ಆ ಸುಳ್ಳು ಗಾಬರಿಗಳನ್ನು ಕಂಡಿದ್ದೇನೆ. ವರದಿ ಬರುವಷ್ಟರಲ್ಲಿ ಬದುಕಿದ್ದೂ ಸತ್ತಂತಾದವರ ಕೈ ಹಿಡಿದು ಕೂತಿದ್ದೇನೆ. ಹಾಗಾಗಿ ನಾನು ಎದ್ದು ನಿನ್ನ ಪರವಾಗಿ ಎರಡು ಮಾತಾಡಿದೆ. ಟೀಚರ್ ನನ್ನ ಕಡೆ ನೋಡಿದ ನೋಟ ಇನ್ನೂ ಬೆನ್ನಿಗಂಟಿಕೊಂಡಿದೆ.

ಆಮೇಲೆ ನಡೆದದ್ದು ಬರೀ ಒಂದು ಪದದ ಜಗಳ. ‘ಸ್ವಾಗತಿಸುತ್ತೇವೆ’ ಎಂದರೆ ಟೀಚರ್ ಕಡೆಯವರು ಎದ್ದುಹೋಗುತ್ತಾರೆ, ‘ವಿರೋಧಿಸುತ್ತೇವೆ’ ಎಂದರೆ ಸರ್ಕಾರ ಅನುದಾನ ನಿಲ್ಲಿಸೀತೆಂದು ನಮ್ಮ ಅಧ್ಯಕ್ಷರಿಗೆ ಭಯ. ‘ಗಮನಿಸಿದ್ದೇವೆ’ ಎಂದರೆ ಕಣ್ಣಿದೆ ಎಂದಷ್ಟೇ ಹೇಳಿದಂತಾಯಿತಲ್ಲ ಎಂದು ನರ್ಸುಗಳು ನಕ್ಕರು. ಕೊನೆಗೆ ‘ಎಚ್ಚರಿಕೆಯಿಂದ ಸ್ವಾಗತಿಸುತ್ತೇವೆ’ ಎಂದಾಯಿತು. “ಎಚ್ಚರಿಕೆಯಿಂದ ಸ್ವಾಗತ ಮಾಡೋಕೆ ಬರ್ತಿರೋದು ಏನು, ಕಚ್ಚೋ ನಾಯಿಯಾ?” ಎಂದು ಟೀಚರ್ ಕೇಳಿದರು. ನಗು ಬಂತು, ಆದರೆ ಯಾರೂ ಮನಸಾರೆ ನಗಲಿಲ್ಲ. ಅವರು ಸಹಿ ಹಾಕದೆ ಚೀಲ ಹೆಗಲಿಗೇರಿಸಿ ಹೋಗಿಬಿಟ್ಟರು. ನಾಳೆ ನಿನ್ನ ಮೇಜಿಗೆ ಬರುವ ಪುಟದಲ್ಲಿ ಅವರ ಬಳಗದ ಹೆಸರು ಇರುವುದಿಲ್ಲ. ಯಾಕೆ ಎಂದು ಯಾರಾದರೂ ಕೇಳಿದರೆ ನೀನಾದರೂ ಹೇಳು.

ತಿಂಗಳ ಕೊನೆಯ ದಿನ ಹಳೆಯ ನಿಯಮದ ಕೊನೆಯ ಶಿಬಿರ. ಕಾರ್ಖಾನೆಗಳ ಬೀದಿಯಲ್ಲಿ ವ್ಯಾನು ನಿಲ್ಲಿಸಿದ್ದೆವು. ಸುದ್ದಿ ಹೇಗೆ ಹಬ್ಬಿತೋ, ಬಾಗಿಲು ತೆಗೆಯುವ ಮೊದಲೇ ಸಾಲು ಮೂಲೆಯ ಔಷಧಿ ಅಂಗಡಿ ದಾಟಿತ್ತು. ಎಲ್ಲ ನಲವತ್ತರ ಆಸುಪಾಸಿನವರೇ. ಹೊಲಿಗೆ ಘಟಕದವರು ಊಟದ ವಿರಾಮ ಬಿಟ್ಟು ಬಂದಿದ್ದರು, ರವಿಕೆಗೆ ಇನ್ನೂ ದಾರದ ಎಳೆ ಅಂಟಿತ್ತು. ನರ್ಸ್ ನೀರು ಕೂಡ ಕುಡಿಯದೆ ಒಬ್ಬರಾದ ಮೇಲೆ ಒಬ್ಬರನ್ನು ಒಳಗೆ ಕರೆದರು. ಆದರೂ ಸಂಜೆ ಬೆಳಕು ಹೋದಾಗ ಅರ್ಧ ಸಾಲು ಹಾಗೆಯೇ ನಿಂತಿತ್ತು. ಮಷಿನ್ನು ಬಿಸಿಯೇರಿ ನಿಂತುಹೋಯಿತು. ಇನ್ನು ಮನೆಗೆ ಹೋಗಿ ಎಂದು ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಒಬ್ಬ ದರ್ಜಿ ಹೆಂಗಸು, ಜಗಳವಾಡದೆ, ನಿಜವಾಗಿ ತಿಳಿದುಕೊಳ್ಳುವವಳಂತೆ ಕೇಳಿದಳು: “ಐವತ್ತು ತುಂಬೋವರೆಗೂ ಅದು ಕಾಯುತ್ತಾ ಅಕ್ಕಾ?” ನನಗೆ ನಿನ್ನ ವರದಿಯ ವಾಕ್ಯಗಳೆಲ್ಲ ಬಾಯಿಪಾಠ. ಆದರೂ ಗಂಟು ಕಂಡರೆ ತಡಮಾಡದೆ ದೊಡ್ಡಾಸ್ಪತ್ರೆಗೆ ಬಾ ಎಂದಷ್ಟೇ ಹೇಳಿದೆ. ತಲೆಯಾಡಿಸಿ ಹೋದಳು. ಅವಳಿಗೇನೂ ಆಗದಿರಬಹುದು. ಬಹುಪಾಲು ಜನರಿಗೆ ಏನೂ ಆಗುವುದಿಲ್ಲ, ಅದನ್ನೇ ಅಲ್ಲವೇ ನೀನು ತೋರಿಸಿಕೊಟ್ಟದ್ದು.

ಈಗ ವ್ಯಾನು ವಾರಕ್ಕೆ ಎರಡೇ ದಿನ ಹೊರಡುತ್ತದೆ. ಐವತ್ತು ದಾಟಿದವರು ನಾವು ಎಣಿಸಿದಷ್ಟು ಬರುತ್ತಿಲ್ಲ. ಈ ವಯಸ್ಸಿಗೆ ಇನ್ನೇನು ಎನ್ನುತ್ತಾರೆ. ನರ್ಸ್ ಸ್ವಯಂ ನಿವೃತ್ತಿಗೆ ಬರೆದುಕೊಟ್ಟಿದ್ದಾರೆ. ನಿನ್ನನ್ನು ದೂರಲು ಇದನ್ನೆಲ್ಲ ಬರೆದೆ ಎಂದುಕೊಳ್ಳಬೇಡ. ಎಲ್ಲರಿಗೂ ಸಾಲದ್ದನ್ನು ಹಂಚಲು ಕೂತವನು ಯಾರ ತಟ್ಟೆಯಿಂದಲಾದರೂ ತೆಗೆಯಲೇಬೇಕು. ಆ ಪಾಡು ನಿನಗೆ ಬಂದದ್ದಕ್ಕೆ ನನಗೆ ಸಂಕಟವಿದೆ.

ಹೊತ್ತಿಗೆ ಸರಿಯಾಗಿ ಉಣ್ಣು. ಅಪ್ಪನ ಆಶೀರ್ವಾದ, ಮಗಳ ಮುತ್ತು, ಎರಡೂ ಇದರಲ್ಲಿ ಮಡಚಿಟ್ಟಿದ್ದೇನೆ.

ನಿನ್ನ ಜೊತೆ ಜಗಳವಾಡುತ್ತಲೇ ಬೆಳೆದ,
ತಂಗಿ

ತಾ.ಕ.: ಅಧ್ಯಕ್ಷರ ಕಾರು ಬಾಗಿಲಿಗೆ ಬಂದಿದೆ, ಹೇಳಬೇಕಾದ್ದು ಇನ್ನೂ ಹೇಳಿಲ್ಲ. ಕೊನೆಯ ಶಿಬಿರದ ದಿನ ಅತ್ತಿಗೆ ನನಗೆ ಸಹಾಯವಾಗಲೆಂದು ಬಂದು ಸಾಲಿನವರಿಗೆ ನೀರು ಕೊಡುತ್ತಿದ್ದರು. “ಬಂದಿದ್ದೀರಲ್ಲ, ನೀವೂ ಒಂದು ಸಲ ಮಾಡಿಸಿಕೊಂಡುಬಿಡಿ” ಎಂದು ನರ್ಸ್ ಒಳಗೆ ಕರೆದರು. ಗಂಟು ಕೈಗೆ ಸಿಗುವಷ್ಟು ದೊಡ್ಡದಲ್ಲ ಅಣ್ಣ, ನೋವೂ ಇಲ್ಲ. ಆದರೆ ಸೂಜಿ ಪರೀಕ್ಷೆಯ ವರದಿ ಗುರುವಾರ ಬಂತು. ಅದೇ. ಬುಧವಾರ ಬೆಳಿಗ್ಗೆ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್. ಬೇಗ ಸಿಕ್ಕಿದೆ ಎನ್ನುತ್ತಾರೆ ಡಾಕ್ಟರು. ನಿನಗೆ ಹೇಳಕೂಡದೆಂದು ಅತ್ತಿಗೆ ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. “ಅವರ ಲೆಕ್ಕ ತಪ್ಪಲ್ಲ ಕಣೇ. ಈಗ ಗೊತ್ತಾದ್ರೆ ತಪ್ಪು ಅಂದ್ಕೊಂಡು ಕೊರಗ್ತಾರೆ” ಎಂದರು. ದಿನಾ ನಿನ್ನ ಹತ್ತಿರ ಫೋನಿನಲ್ಲಿ ನಗುನಗುತ್ತಾ ಮಾತಾಡಿ, ಆಮೇಲೆ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಲ್ಲುತ್ತಾರೆ. ತೊಳೆಯಲು ಅಲ್ಲಿ ಒಂದು ಲೋಟವೂ ಇರುವುದಿಲ್ಲ. ನಾನು ಬರೆದೆನೆಂದು ಹೇಳಬೇಡ. ಮಗಳನ್ನು ನೋಡಬೇಕೆನಿಸಿತು, ಬಂದೆ ಎನ್ನು. ಅವರು ನಂಬುವುದಿಲ್ಲ. ಆದರೂ ಬಾ.