ಅದು ಹಲ್ಲಲ್ಲ, ಅಮ್ಮಾ

ಓನರಮ್ಮನವರಿಗೆ, ಹಿಂದಿನ ಕೋಣೆಯ ಇಸ್ತ್ರಿಯವಳು ಮಾಡುವ ನಮಸ್ಕಾರ.

ಆಸ್ಪತ್ರೆಯಿಂದ ಬರೆಯುತ್ತಿದ್ದೇನೆ. ನನ್ನ ಮಗಳು ಇವತ್ತು ಕಣ್ಣು ಬಿಟ್ಟು ನೋಡಿದಳು.

ನಿಮ್ಮ ಮೊಮ್ಮಗಳಿಗೂ ಭೇದಿ ಶುರುವಾಗಿದೆಯೆಂದು ನಮ್ಮವರು ಈಗಷ್ಟೇ ಬಂದು ಹೇಳಿದರು. "ನಿಮ್ಮ ಮಗೂಗೆ ಆದ ಹಾಗೇ ಇವಳಿಗೂ ಹಲ್ಲು ಬರ್ತಿದೆ, ಗಾಬರಿ ಏನಿಲ್ಲ" ಎಂದಿರಂತೆ.

ಅಮ್ಮಾ, ಅದು ಹಲ್ಲಲ್ಲ, ಕಾಲರಾ. ಅವತ್ತು ನೀವು ಬಾಗಿಲಿಗೆ ಬಂದು "ಮಗು ಯಾಕಮ್ಮಾ ಹೀಗೆ ಬಾಡಿದೆ?" ಎಂದಾಗ ಹಲ್ಲಿನ ನೆಪ ಹೇಳಿದೆ. ಅವಳ ಬಾಯಲ್ಲಿ ಹಲ್ಲಿನ ಸುಳಿವೇ ಇರಲಿಲ್ಲ. ಅಕ್ಕಿ ತೊಳೆದ ನೀರಿನಂತೆ ಹೋಗುತ್ತಿದ್ದುದನ್ನು ಕಂಡಾಗಲೇ ನನಗೆ ಅನುಮಾನ ಬಂದಿತ್ತು. ಸುದ್ದಿ ಹೊರಬಿದ್ದರೆ ಇಸ್ತ್ರಿಗೆ ಬಟ್ಟೆ ಯಾರು ಕೊಡುತ್ತಾರೆಂದು ಬಾಯಿ ಹೊಲಿದುಕೊಂಡೆ. ಅವಳ ಬಟ್ಟೆ ಒಗೆದದ್ದೂ ನಿಮ್ಮ ನೀರಿನ ತೊಟ್ಟಿಯ ಪಕ್ಕದಲ್ಲೇ. ಆ ನೀರನ್ನು ಇನ್ನು ಯಾರೂ ಮುಟ್ಟದಂತೆ ನೋಡಿಕೊಳ್ಳಿ.

ಇದನ್ನೆಲ್ಲ ಹೇಳಿ ಬನ್ನಿ ಎಂದು ಇವರನ್ನು ಕಳಿಸಿದರೆ, ನಿಮ್ಮ ಮುಖ ನೋಡಿ ಇವರೂ "ಹಲ್ಲೇ ಇರಬೇಕು" ಎಂದುಬಿಡುತ್ತಾರೆ. ಅದಕ್ಕೇ ಈ ಕಾಗದ. ಇವರ ಕೈಯಲ್ಲಿರುವ ಬಾಟಲಿಯಲ್ಲಿ ನರ್ಸಮ್ಮ ಬೆರೆಸಿಕೊಟ್ಟ ಉಪ್ಪು ಸಕ್ಕರೆ ನೀರಿದೆ. ಆಸ್ಪತ್ರೆಗೆ ಬರುವ ದಾರಿಯುದ್ದಕ್ಕೂ ಮಗುವಿಗೆ ಚಮಚದಲ್ಲಿ ಕುಡಿಸುತ್ತಿರಿ. ವಾಂತಿ ಮಾಡಿದರೆ ತುಸು ತಡೆದು ಮತ್ತೆ ಕುಡಿಸಿ, ನಿಲ್ಲಿಸಬೇಡಿ. ಒಂದು ದಿನ ತಡ ಮಾಡಿದ್ದಕ್ಕೆ ನನ್ನ ಮಗಳ ಕಣ್ಣು ಗುಳಿ ಬಿದ್ದು ಗುರುತೇ ಸಿಗದಂತಾಗಿತ್ತು.

ನಮ್ಮ ಪಕ್ಕದ ಮಂಚ ಖಾಲಿಯಿದೆ, ನನ್ನ ಸೀರೆ ಹಾಸಿ ಹಿಡಿದಿಟ್ಟಿದ್ದೇನೆ. ಆಟೋ ನಿಮ್ಮ ಬಾಗಿಲಲ್ಲೇ ನಿಂತಿರುತ್ತದೆ. ಬೈಯುವುದನ್ನೆಲ್ಲ ಇಲ್ಲಿಗೆ ಬಂದು ಬೈಯಿರಿ. ಈಗ ಮಗುವನ್ನು ಎತ್ತಿಕೊಳ್ಳಿ.

ಇತಿ,
ನೀವು ನಂಬಿದವಳು